ಮನೆಯ ಲೆಕ್ಕದ ತಂತ್ರಾಂಶ: ಮೂಲಮಾದರಿ ಅಳೆಯುವುದೇನನ್ನು?

ಸರಳ ಲೋಲಕದ ಆವರ್ತಕಾಲವನ್ನು ಕಂಡುಹಿಡಿಯುವ ಪ್ರಯೋಗವನ್ನು ನೀವೆಲ್ಲ ಮಾಡಿಯೇ ಇರುತ್ತೀರಿ. ಗುಂಡನ್ನು ಸ್ವಲ್ಪ ಪಕ್ಕಕ್ಕೆ ಎಳೆದು ಬಿಡುತ್ತೇವೆ. 20 ಆಂದೋಲನಗಳಿಗೆ ಹಿಡಿಯುವ ಕಾಲವನ್ನು ಸ್ಟಾಪ್‌ವಾಚಿನಲ್ಲಿ ಅಳೆದು, ಅದನ್ನು 20ರಿಂದ ಭಾಗಿಸುತ್ತೇವೆ. ಒಬ್ಬ ವಿದ್ಯಾರ್ಥಿ ಗುಂಡು ಒಂದು ಬದಿಯಿಂದ ನಡುವಿಗೆ ಬರುವಷ್ಟರಲ್ಲೇ ವಾಚನ್ನು ನಿಲ್ಲಿಸಿ, 'ಗುಂಡು ಚಲಿಸುತ್ತಿದೆ, ಪ್ರಯೋಗ ಯಶಸ್ವಿ' ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆದರೆ ನೀವು ಎಷ್ಟು ಅಂಕ ಕೊಡುವಿರಿ? ಗುಂಡು ಚಲಿಸಿದ್ದು ನಿಜ. ಆದರೆ ಕೇಳಿದ್ದು ಅದನ್ನಲ್ಲ.

ಮನೆಯ ಆದಾಯ, ಖರ್ಚು, ಸಾಲ ಮತ್ತು ಉಳಿತಾಯಗಳ ಲೆಕ್ಕವಿಡುವ ತಂತ್ರಾಂಶಗಳನ್ನು ತಯಾರಿಸುವವರು ಇಂಥದೇ ತಪ್ಪು ಮಾಡುತ್ತ ಬಂದಿದ್ದಾರೆ ಎಂಬುದು ಈ ಲೇಖನದ ವಾದ. ಅವರು ಪರೀಕ್ಷೆ ಮಾಡುವುದಿಲ್ಲ ಎಂದಲ್ಲ. ಬಹಳ ಶ್ರದ್ಧೆಯಿಂದಲೇ ಮಾಡುತ್ತಾರೆ. ಆದರೆ ಆ ಪರೀಕ್ಷೆ ಅಳೆಯುವುದು ಒಂದನ್ನು, ಅದರಿಂದ ತೆಗೆಯುವ ತೀರ್ಮಾನ ಇನ್ನೊಂದನ್ನು ಕುರಿತು. ವಿಜ್ಞಾನದ ವಿದ್ಯಾರ್ಥಿಗಳಿಗೂ ಶಿಕ್ಷಕರಿಗೂ ಇದು ತಿಳಿದಿರಬೇಕು. ಇಂದು ಅನೇಕ ವಿದ್ಯಾರ್ಥಿಗಳು ಪ್ರಾಜೆಕ್ಟ್ ಎಂದು ತಯಾರಿಸುವುದು ಇಂಥ ತಂತ್ರಾಂಶಗಳನ್ನೇ.

ಮೂಲಮಾದರಿ ಎಂದರೇನು?

ಒಂದು ವಸ್ತುವನ್ನು ಪೂರ್ತಿಯಾಗಿ ತಯಾರಿಸುವ ಮೊದಲೇ ಜನರಿಗೆ ಅದು ಬೇಕೇ, ಅದನ್ನು ಅವರು ಬಳಸಬಲ್ಲರೇ ಎಂದು ತಿಳಿಯುವ ಕೆಲಸಕ್ಕೆ ತಂತ್ರಾಂಶ ಉದ್ಯಮದವರು 'ಪ್ರಾಡಕ್ಟ್ ಡಿಸ್ಕವರಿ' ಎನ್ನುತ್ತಾರೆ. ನಾವು ಉತ್ಪನ್ನ ಶೋಧ ಎಂದು ಕರೆಯೋಣ. ಇದರ ಮುಖ್ಯ ಉಪಕರಣವೇ ಮೂಲಮಾದರಿ, ಅಂದರೆ ಪ್ರೊಟೊಟೈಪ್.

ಮೂಲಮಾದರಿ ಕೆಲಸ ಮಾಡುವ ಯಂತ್ರವೇ ಆಗಿರಬೇಕಿಲ್ಲ. 1996ರಲ್ಲಿ ಮಾರುಕಟ್ಟೆಗೆ ಬಂದ ಪಾಮ್ ಪೈಲಟ್ ಎಂಬ ಅಂಗೈ ಗಣಕವನ್ನು ರೂಪಿಸಿದ ಜೆಫ್ ಹಾಕಿನ್ಸ್, ಅದೇ ಗಾತ್ರದ ಮರದ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದರು. ಯಾರಾದರೂ ಭೇಟಿಯ ದಿನ ಕೇಳಿದರೆ ಆ ತುಂಡನ್ನು ಹೊರತೆಗೆದು ಬರೆಯುವಂತೆ ನಟಿಸುತ್ತಿದ್ದರು. ಇಂಥದೊಂದು ಉಪಕರಣವನ್ನು ದಿನವೂ ಹೊತ್ತು ತಿರುಗಬಹುದೇ ಎಂಬ ಪ್ರಶ್ನೆಗೆ ಮರದ ತುಂಡು ಸಾಕು. 1983ರಲ್ಲಿ ಐಬಿಎಂನ ಜಾನ್ ಗೌಲ್ಡ್ ಮತ್ತು ಸಂಗಡಿಗರು ಮಾತನ್ನು ಕೇಳಿ ಬೆರಳಚ್ಚು ಮಾಡುವ ಯಂತ್ರದ ಬಗ್ಗೆ ಪ್ರಬಂಧ ಪ್ರಕಟಿಸಿದರು. ಅಂಥ ಯಂತ್ರ ಆಗ ಇರಲೇ ಇಲ್ಲ! ಮರೆಯಲ್ಲಿ ಕುಳಿತ ಬೆರಳಚ್ಚುಗಾರರೊಬ್ಬರು ಕೇಳಿದ್ದನ್ನು ಟೈಪ್ ಮಾಡುತ್ತಿದ್ದರು. ಯಂತ್ರ ಸಿದ್ಧವಾದರೆ ಜನ ಅದನ್ನು ಹೇಗೆ ಬಳಸಬಹುದು ಎಂಬುದನ್ನು ಯಂತ್ರವಿಲ್ಲದೆಯೇ ಅವರು ಅಧ್ಯಯನ ಮಾಡಿದರು.

ಇವೆರಡೂ ಒಳ್ಳೆಯ ಪ್ರಯೋಗಗಳು. ಕೇಳಿದ ಪ್ರಶ್ನೆ ಚಿಕ್ಕದು, ಸ್ಪಷ್ಟವಾದುದು. ಉಪಕರಣ ಆ ಪ್ರಶ್ನೆಗೆ ತಕ್ಕುದು. ಇದನ್ನು ನೆನಪಿನಲ್ಲಿಟ್ಟುಕೊಂಡು ಮನೆಯ ಲೆಕ್ಕದ ತಂತ್ರಾಂಶಗಳತ್ತ ಬರೋಣ.

ಎದುರಾಳಿ ಪೆನ್ಸಿಲ್

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1983ರಲ್ಲಿ ಸ್ಕಾಟ್ ಕುಕ್ ಮತ್ತು ಟಾಮ್ ಪ್ರೂಲ್ ಎಂಬಿಬ್ಬರು ಇಂಟ್ಯೂಟ್ ಕಂಪನಿಯನ್ನು ಸ್ಥಾಪಿಸಿದರು. ಅಲ್ಲಿ ಆಗ ವಿದ್ಯುತ್, ದೂರವಾಣಿ ಮೊದಲಾದ ಎಲ್ಲ ಬಿಲ್ಲುಗಳಿಗೂ ಮನೆಯಲ್ಲೇ ಚೆಕ್ ಬರೆದು ಅಂಚೆಯಲ್ಲಿ ಕಳಿಸುವುದು ವಾಡಿಕೆ. ಪ್ರತಿ ಚೆಕ್ಕನ್ನೂ ಪುಟ್ಟ ಪುಸ್ತಕದಲ್ಲಿ ನಮೂದಿಸಿ, ತಿಂಗಳ ಕೊನೆಗೆ ಬ್ಯಾಂಕಿನ ಪಟ್ಟಿಯೊಂದಿಗೆ ತಾಳೆ ನೋಡಬೇಕು. ಈ ಕೆಲಸ ಬೇಸರ ಹಿಡಿಸುತ್ತದೆ ಎಂದು ಕುಕ್ ಅವರ ಪತ್ನಿ ದೂರಿದ್ದೇ ಕಂಪನಿಯ ಹುಟ್ಟಿಗೆ ಕಾರಣ ಎನ್ನುತ್ತಾರೆ.

ಆ ಹೊತ್ತಿಗಾಗಲೇ ಇಂಥ ತಂತ್ರಾಂಶಗಳು ನಲವತ್ತಕ್ಕೂ ಹೆಚ್ಚು ಇದ್ದವು. ಕುಕ್ ದೂರವಾಣಿಯಲ್ಲಿ ಮನೆಮನೆಗಳನ್ನು ವಿಚಾರಿಸಿದರು. ಮಾರುಕಟ್ಟೆಯಲ್ಲಿದ್ದ ತಂತ್ರಾಂಶಗಳನ್ನು ಪರೀಕ್ಷಿಸಿದರು. ಕಂಡದ್ದು ಇಷ್ಟು: ಅವುಗಳಲ್ಲಿ ಲೆಕ್ಕ ಮಾಡಲು ಕೈಯಲ್ಲಿ ಬರೆಯುವುದಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತಿತ್ತು. ತಯಾರಕರು ತಮ್ಮ ತಂತ್ರಾಂಶವನ್ನು ಇನ್ನೊಬ್ಬರ ತಂತ್ರಾಂಶದೊಡನೆ ಹೋಲಿಸಿಕೊಳ್ಳುತ್ತಿದ್ದರು, ಪೆನ್ಸಿಲ್ಲಿನೊಡನೆ ಹೋಲಿಸಿರಲಿಲ್ಲ. ತಮ್ಮ ನಿಜವಾದ ಎದುರಾಳಿ ಪೆನ್ಸಿಲ್ ಎಂದು ಕುಕ್ ನಿರ್ಧರಿಸಿದರು. ಗಣಕದ ಅಭ್ಯಾಸವಿಲ್ಲದ ಮಹಿಳೆಯರನ್ನು ಕರೆದು ಕೂರಿಸಿ, ಸ್ಟಾಪ್‌ವಾಚ್ ಹಿಡಿದು ಅವರು ಎಲ್ಲಿ ತಡವರಿಸುತ್ತಾರೆ ಎಂದು ನೋಡಿ, ಅಲ್ಲಲ್ಲಿ ತಂತ್ರಾಂಶವನ್ನು ತಿದ್ದಿದರು. ಹೀಗೆ ತಯಾರಾದ ಕ್ವಿಕನ್ 1984ರಲ್ಲಿ ಹೊರಬಂತು. ಪರದೆಯ ಮೇಲೆ ಕಾಗದದ ಚೆಕ್ಕಿನಂಥದೇ ಚೆಕ್ಕು, ಚೆಕ್ ಪುಸ್ತಕದಂಥದೇ ಪುಸ್ತಕ.

ಇದನ್ನು ನಾನು ಮೆಚ್ಚಲು ಕಾರಣ ಸ್ಟಾಪ್‌ವಾಚಲ್ಲ, ಪೆನ್ಸಿಲ್. ಹೊಸ ಗೊಬ್ಬರ ಹಾಕಿದ ಮಡಿಯ ಪಕ್ಕದಲ್ಲಿ ಹಾಕದ ಮಡಿಯೂ ಇರಬೇಕು ಎಂಬುದು ಪ್ರಯೋಗದ ಮೊದಲ ಪಾಠ. ಕ್ವಿಕನ್ನಿಗೆ ಗೊಬ್ಬರ ಹಾಕದ ಮಡಿ ಎಂದರೆ ಪೆನ್ಸಿಲ್ಲು. ಅಳೆಯಬೇಕಾದ ರಾಶಿಯೂ ಸರಿಯಾಗಿತ್ತು. 'ಈ ಕೆಲಸ ಬೇಗ ಮುಗಿಯಬೇಕು' ಎಂಬುದು ಜನರ ಬೇಡಿಕೆ. ಕಾಲವನ್ನು ಅಳೆದರೆ ಬೇಡಿಕೆ ಈಡೇರಿತೋ ಇಲ್ಲವೋ ತಿಳಿಯುತ್ತದೆ.

ಇಂಟ್ಯೂಟ್ ಮುಂದೆ ಇನ್ನೊಂದು ವಿಧಾನ ರೂಢಿಸಿಕೊಂಡಿತು. ಗ್ರಾಹಕರ ಒಪ್ಪಿಗೆ ಪಡೆದು ಅವರ ಮನೆಗೇ ಹೋಗಿ, ಪೆಟ್ಟಿಗೆ ತೆರೆಯುವುದರಿಂದ ಹಿಡಿದು ಬಳಸುವವರೆಗೆ ಸುಮ್ಮನೆ ನೋಡುವುದು. ಮನೆಬಳಕೆಗೆಂದು ಮಾಡಿದ ಕ್ವಿಕನ್ನನ್ನು ಬಹಳ ಮಂದಿ ತಮ್ಮ ಅಂಗಡಿ, ಕಚೇರಿಗಳ ಲೆಕ್ಕಕ್ಕೆ ಬಳಸುತ್ತಿದ್ದರು. ಕಂಪನಿಯವರು ಮೊದಮೊದಲು ಇದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಕಡೆಗೆ ತೆಗೆದುಕೊಂಡಾಗ 1992ರಲ್ಲಿ ಕ್ವಿಕ್‌ಬುಕ್ಸ್ ಎಂಬ ಸಣ್ಣ ವ್ಯಾಪಾರಿಗಳ ತಂತ್ರಾಂಶ ಬಂತು. ಎಷ್ಟು ಸರಿಪಡಿಸಿದರೂ ಹೋಗದ ಆಂಟೆನಾ ಗದ್ದಲವನ್ನು ಪೆನ್ಜಿಯಾಸ್ ಮತ್ತು ವಿಲ್ಸನ್ ತಳ್ಳಿಹಾಕದೆ ಬೆನ್ನುಹತ್ತಿದ್ದರಿಂದಲೇ 1965ರಲ್ಲಿ ವಿಶ್ವದ ಹಿನ್ನೆಲೆ ವಿಕಿರಣ ತಿಳಿದದ್ದು. ನಿರೀಕ್ಷೆಗೆ ಹೊಂದದ ದತ್ತಾಂಶವನ್ನು ಎಸೆಯಬಾರದು ಎಂಬ ನಿಯಮ ಲೆಕ್ಕಪತ್ರದ ತಂತ್ರಾಂಶಕ್ಕೂ ಸಲ್ಲುತ್ತದೆ.

ವೆಸಾಬಿ ಸೋತಿತು, ಮಿಂಟ್ ಗೆದ್ದಿತು

ಅಂತರ್ಜಾಲ ಬಂದ ಮೇಲೆ ಪ್ರಶ್ನೆ ಬದಲಾಯಿತು. ಬ್ಯಾಂಕಿನ ವ್ಯವಹಾರಗಳೆಲ್ಲ ತಾವಾಗಿಯೇ ಒಂದು ಕಡೆ ಬಂದು ಸೇರುವಂತಾದ ಮೇಲೆ ಲೆಕ್ಕ ಬರೆಯುವ ಶ್ರಮವೇ ಉಳಿಯಲಿಲ್ಲ. 'ಇದರಿಂದ ನನ್ನ ಹಣದ ಸ್ಥಿತಿ ಉತ್ತಮವಾಗುತ್ತದೆಯೇ?' ಎಂಬ ಪ್ರಶ್ನೆ ಉಳಿಯಿತು. ಇದನ್ನು ಸ್ಟಾಪ್‌ವಾಚು ಅಳೆಯಲಾರದು.

2006ರ ನವೆಂಬರಿನಲ್ಲಿ ವೆಸಾಬಿ ಎಂಬ ತಂತ್ರಾಂಶ ಅಮೆರಿಕದಲ್ಲಿ ಬಳಕೆಗೆ ಬಂತು. ಸುಮಾರು ಹತ್ತು ತಿಂಗಳ ನಂತರ, 2007ರ ಸೆಪ್ಟೆಂಬರಿನಲ್ಲಿ ಆರನ್ ಪ್ಯಾಟ್ಜರ್ ಅವರ ಮಿಂಟ್ ಬಂತು. ಬ್ಯಾಂಕುಗಳಿಂದ ದತ್ತಾಂಶ ತರುವ ಕೆಲಸಕ್ಕೆ ಮಿಂಟ್, ಬೆಂಗಳೂರಿನಲ್ಲೂ ಕೇಂದ್ರ ಹೊಂದಿದ್ದ ಯೋಡ್ಲಿ ಎಂಬ ಕಂಪನಿಯ ಸೇವೆಯನ್ನು ಬಳಸಿಕೊಂಡಿತು. ಖಾತೆಯ ವಿವರ ಕೊಟ್ಟರೆ ಸಾಕು, ಖರ್ಚುಗಳು ತಾವಾಗಿ ದಿನಸಿ, ಹೋಟೆಲ್, ಪೆಟ್ರೋಲ್ ಎಂದು ವಿಂಗಡವಾಗಿ ಬಣ್ಣದ ವೃತ್ತಚಿತ್ರವಾಗಿ ಕಾಣುತ್ತಿದ್ದವು. 2009ರಲ್ಲಿ ಇಂಟ್ಯೂಟ್ ಮಿಂಟನ್ನು 17 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ವೆಸಾಬಿ 2010ರ ಜುಲೈ ಕೊನೆಗೆ ಮುಚ್ಚಿತು.

ವೆಸಾಬಿಯ ಸ್ಥಾಪಕರಲ್ಲೊಬ್ಬರಾದ ಮಾರ್ಕ್ ಹೆಡ್ಲಂಡ್ ಅದೇ ವರ್ಷ ತಮ್ಮ ಸೋಲಿನ ಕಾರಣಗಳನ್ನು ಬಿಚ್ಚುಮನಸ್ಸಿನಿಂದ ಬರೆದರು. ಅವರ ಮಾತಿನ ಸಾರಾಂಶ ಹೀಗಿದೆ. ಜನ ತಮ್ಮ ಲೆಕ್ಕದ ಮೇಲೆ ತಾವೇ ಕೈಯಾಡಿಸಿದರೆ ಮಾತ್ರ ಖರ್ಚಿನ ಅಭ್ಯಾಸ ಬದಲಾದೀತು ಎಂದು ನಂಬಿ ಅವರು ಅದಕ್ಕೆ ತಕ್ಕ ಸಲಕರಣೆಗಳನ್ನು ಮಾಡಿದರು. ಮಿಂಟ್ ಬಳಕೆದಾರರಿಂದ ಯಾವ ಶ್ರಮವನ್ನೂ ಕೇಳಲಿಲ್ಲ. ಕೂಡಲೇ ಸಂತೋಷ ಸಿಗುವಂತೆ ಮಾಡಿತು. ಉದ್ದೇಶ ಉದಾತ್ತವಾಗಿದ್ದರೂ ಬಳಸುವವರೇ ಉಳಿಯದಿದ್ದಾಗ ಯಾರಿಗೂ ಸಹಾಯವಾಗಲಿಲ್ಲ.

ಈ ಬರಹವನ್ನು ಉತ್ಪನ್ನ ಶೋಧದ ಪಾಠವಾಗಿ ಓದುವವರು ಸಾಮಾನ್ಯವಾಗಿ ತೆಗೆಯುವ ನೀತಿ ಒಂದೇ: ಬಳಕೆ ಸುಲಭವಾಗಿರಲಿ, ಮೊದಲ ನಿಮಿಷದಲ್ಲೇ ಬಳಕೆದಾರ ಮೆಚ್ಚಲಿ. ಅರ್ಧ ಸತ್ಯ ಇದು. ಸುಲಭ ಬಳಕೆ ಅಗತ್ಯ ಎಂಬುದನ್ನು ವೆಸಾಬಿಯ ಸೋಲು ತೋರಿಸುತ್ತದೆ. ಅದಷ್ಟೇ ಸಾಕು ಎಂಬುದನ್ನು ಮಿಂಟಿನ ಗೆಲುವು ತೋರಿಸುವುದಿಲ್ಲ. ಗಣಿತದಲ್ಲಿ ಅಗತ್ಯ ನಿಬಂಧನೆ ಬೇರೆ, ಸಾಕಾಗುವ ನಿಬಂಧನೆ ಬೇರೆ ಎಂದು ಕಲಿಸುವ ನಾವು ಇಲ್ಲಿ ಎಡವಬಾರದು. ಮಿಂಟ್ ಬಳಸಿದವರಿಗೆ ಲಾಭವಾಗಲಿಲ್ಲ ಎಂದು ನಾನು ಹೇಳುತ್ತಿಲ್ಲ. ಎರಡರ ನಡುವಣ ಪಂದ್ಯ ತೀರ್ಮಾನವಾದದ್ದು ಆ ಅಳತೆಯಲ್ಲಿ ಅಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಇನ್ನೊಂದು ಸಂಗತಿ. ಮಿಂಟ್ ಬಳಕೆದಾರರಿಗೆ ಉಚಿತ. ಅದು ಶಿಫಾರಸು ಮಾಡುವ ಕ್ರೆಡಿಟ್ ಕಾರ್ಡು, ಖಾತೆ ಇತ್ಯಾದಿಗಳನ್ನು ಜನ ಪಡೆದಾಗ ಆಯಾ ಸಂಸ್ಥೆಗಳು ಕೊಡುವ ಹಣವೇ ಅದರ ಮುಖ್ಯ ವರಮಾನ. ಹೀಗಿರುವಾಗ 'ಬಳಕೆದಾರ ಶಿಫಾರಸನ್ನು ಒತ್ತಿದ' ಎಂಬುದನ್ನು ಯಶಸ್ಸಿನ ಗುರುತಾಗಿ ಎಣಿಸಿದರೆ, ಅಳೆದದ್ದು ಯಾರ ಲಾಭವನ್ನು? ಇಂಟ್ಯೂಟ್ 2023ರ ಅಕ್ಟೋಬರ್ ಕೊನೆಯಲ್ಲಿ ಮಿಂಟನ್ನು ನಿಲ್ಲಿಸುವುದಾಗಿ ಹೇಳಿ, 2024ರ ಮಾರ್ಚಿನಲ್ಲಿ ಮುಚ್ಚಿತು. ಬಳಕೆದಾರರನ್ನು ತನ್ನದೇ ಕ್ರೆಡಿಟ್ ಕರ್ಮ ಎಂಬ ಸೇವೆಗೆ ಆಹ್ವಾನಿಸಿತು. ದಿನಸಿಗೆ ಇಷ್ಟು, ಬಟ್ಟೆಗೆ ಇಷ್ಟು ಎಂದು ತಿಂಗಳ ಮಿತಿ ಹಾಕಿಕೊಳ್ಳುವ ಸೌಲಭ್ಯ ಆಗ ಅಲ್ಲಿರಲಿಲ್ಲ. ಮನೆಯ ಲೆಕ್ಕ ಇಡುವವನಿಗೆ ಅದೇ ತಂತ್ರಾಂಶದ ಹೃದಯ. ಕಂಪನಿಯ ಅಳತೆಗೋಲಿನಲ್ಲಿ ಮಾತ್ರ ಅದನ್ನು ಬಿಟ್ಟು ಮುಂದೆ ಹೋಗಲು ಸಾಧ್ಯವಿತ್ತು.

ಐದು ಮಂದಿ ಸಾಕೇ?

ಮೂಲಮಾದರಿಯನ್ನು ಎಷ್ಟು ಜನರ ಮೇಲೆ ಪರೀಕ್ಷಿಸಬೇಕು? ಐದು ಮಂದಿ ಸಾಕು ಎಂಬುದು ಈ ಕ್ಷೇತ್ರದ ಹೆಸರಾಂತ ಸೂತ್ರ. ಇದರ ಹಿಂದೆ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ 1993ರಲ್ಲಿ ಪ್ರಕಟಿಸಿದ ಲೆಕ್ಕವಿದೆ. ಬಳಕೆಯ ತೊಡಕೊಂದು ಒಬ್ಬ ಪರೀಕ್ಷಾರ್ಥಿಯಲ್ಲಿ ಕಾಣಿಸಿಕೊಳ್ಳುವ ಸಂಭವನೀಯತೆ ಸರಾಸರಿ 0.31 ಎಂದಿಟ್ಟುಕೊಳ್ಳಿ. ಕಾಣದಿರುವ ಸಂಭವನೀಯತೆ 0.69. ಐವರಲ್ಲಿ ಒಬ್ಬರಿಗೂ ಕಾಣದಿರುವುದು 0.69ರ ಐದನೆಯ ಘಾತ, ಅಂದರೆ ಸುಮಾರು 0.16. ಆದ್ದರಿಂದ ಐವರಿಂದ ಸುಮಾರು ಶೇ. 84ರಷ್ಟು ತೊಡಕುಗಳು ಬೆಳಕಿಗೆ ಬರುತ್ತವೆ. ಲೆಕ್ಕ ಸರಿಯಾಗಿದೆ.

ಆದರೆ 0.31 ಒಂದು ಸರಾಸರಿ. ಹತ್ತರಲ್ಲಿ ಒಬ್ಬರಿಗೆ ಮಾತ್ರ ಎದುರಾಗುವ ತೊಡಕನ್ನು ತೆಗೆದುಕೊಳ್ಳಿ. 0.9ರ ಐದನೆಯ ಘಾತ ಸುಮಾರು 0.59. ಅಂದರೆ ಐವರ ಪರೀಕ್ಷೆಯಲ್ಲಿ ಅದು ತಪ್ಪಿಸಿಕೊಳ್ಳುವ ಸಾಧ್ಯತೆಯೇ ಹೆಚ್ಚು. ಹಣಕಾಸಿನಲ್ಲಿ ಆ ಹತ್ತನೆಯವನು ತನ್ನ ತಿಂಗಳ ಸಂಬಳವನ್ನೇ ಕಳೆದುಕೊಳ್ಳಬಹುದು.

ಇನ್ನೂ ಮುಖ್ಯವಾದುದು, ಈ ಸೂತ್ರ ತೊಡಕು ಹುಡುಕುವುದಕ್ಕೆ ಹೊರತು 'ಇದು ಹಿತಕರ' ಎಂದು ಸಾಬೀತುಪಡಿಸುವುದಕ್ಕಲ್ಲ. ಐವರಲ್ಲಿ ಯಾರಿಗೂ ನಷ್ಟವಾಗಲಿಲ್ಲ ಎಂದುಕೊಳ್ಳಿ. ನೂರಕ್ಕೆ 45 ಮಂದಿಗೆ ನಷ್ಟ ಮಾಡುವ ತಂತ್ರಾಂಶವೂ ಈ ಪರೀಕ್ಷೆಯಲ್ಲಿ ಪಾರಾಗುವ ಸಂಭವನೀಯತೆ 0.55ರ ಐದನೆಯ ಘಾತ, ಸುಮಾರು 0.05. ಆದ್ದರಿಂದ ಶೇ. 95ರ ಭರವಸೆಯೊಡನೆ ಹೇಳಬಹುದಾದದ್ದು ಇಷ್ಟೇ: ನಷ್ಟ ಹೊಂದುವವರ ಪ್ರಮಾಣ ಶೇ. 45ಕ್ಕಿಂತ ಹೆಚ್ಚಿರಲಾರದು! ಕ್ಯಾಲ್ಕುಲೇಟರಿನಲ್ಲಿ ನೀವೇ ಮಾಡಿ ನೋಡಿ. ತರಗತಿಯಲ್ಲಿ ಸಂಭವನೀಯತೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಕಾಲದ ಅಳತೆ

ಈಗ ಲೋಲಕಕ್ಕೆ ಮರಳೋಣ. ಮೂಲಮಾದರಿಯ ಪರೀಕ್ಷೆ ಸಾಮಾನ್ಯವಾಗಿ ಒಂದು ಗಂಟೆಯದು. ಹೆಚ್ಚೆಂದರೆ ಎರಡು ವಾರದ್ದು. ಮನೆಯ ಹಣದ ಆಂದೋಲನದ ಅವಧಿ ಎಷ್ಟು? ಸಂಬಳ, ಬಾಡಿಗೆ, ಹಾಲಿನ ಬಿಲ್ಲು ತಿಂಗಳಿಗೊಮ್ಮೆ. ಶಾಲೆಯ ಶುಲ್ಕ, ವಿಮೆಯ ಕಂತು, ಹಬ್ಬದ ಬಟ್ಟೆ ವರ್ಷಕ್ಕೊಮ್ಮೆ. ಒಂದು ಆವರ್ತ ಕಾಣಬೇಕಾದರೆ ಕನಿಷ್ಠ ಒಂದು ಆವರ್ತಕಾಲದಷ್ಟಾದರೂ ಗಮನಿಸಬೇಕು. ತಿಂಗಳ 1ರಿಂದ 14ರವರೆಗೆ ನೋಡಿದವನಿಗೆ ಸಂಬಳ ಬಂದದ್ದು ಕಾಣುತ್ತದೆ. 25ರ ಹೊತ್ತಿಗೆ ಕೈ ಬರಿದಾದದ್ದು ಕಾಣುವುದಿಲ್ಲ.

ಇನ್ನೊಂದು ಲೆಕ್ಕ. ತಂತ್ರಾಂಶದ ಶಿಫಾರಸಿನಂತೆ ಒಬ್ಬರು ಕ್ರೆಡಿಟ್ ಕಾರ್ಡ್ ಪಡೆದು 10,000 ರೂಪಾಯಿ ಬಾಕಿ ಉಳಿಸಿಕೊಂಡರು, ಬಡ್ಡಿ ತಿಂಗಳಿಗೆ ಶೇ. 3 ಎಂದಿಟ್ಟುಕೊಳ್ಳಿ. ಏನೂ ಕಟ್ಟದಿದ್ದರೆ ಒಂದು ತಿಂಗಳಿಗೆ ಬಾಕಿ 10,300 ರೂಪಾಯಿ, ದೊಡ್ಡ ಮಾತಲ್ಲ. 12 ತಿಂಗಳಿಗೆ ಸುಮಾರು 14,258 ರೂಪಾಯಿ. ಚಕ್ರಬಡ್ಡಿಯ ವಕ್ರರೇಖೆ ಆರಂಭದಲ್ಲಿ ಸರಳರೇಖೆಯಂತೆಯೇ ಕಾಣುತ್ತದೆ. ಅದು ಬಾಗುವ ಮುನ್ನವೇ ಪರೀಕ್ಷೆ ಮುಗಿದು ತಂತ್ರಾಂಶ ಮಾರುಕಟ್ಟೆ ಸೇರಿರುತ್ತದೆ.

ಮೂಲಮಾದರಿಯಲ್ಲಿ ತುಂಬುವ ದತ್ತಾಂಶವೂ ಬಹಳ ಅಚ್ಚುಕಟ್ಟು. ನಿಜವಾದ ಮನೆಯ ಲೆಕ್ಕ ಹಾಗಿರುವುದಿಲ್ಲ. ಎಟಿಎಂನಿಂದ ತೆಗೆದ 5,000 ರೂಪಾಯಿ ಎಲ್ಲಿ ಹೋಯಿತೆಂದು ಬ್ಯಾಂಕಿಗೆ ತಿಳಿಯದು. ಒಂದೇ ಅಂಗಡಿಯ ಬಿಲ್ಲಿನಲ್ಲಿ ಅಕ್ಕಿಯೂ ಇರುತ್ತದೆ, ಪ್ರೆಶರ್ ಕುಕ್ಕರೂ ಇರುತ್ತದೆ; ತಂತ್ರಾಂಶ ಎರಡನ್ನೂ ದಿನಸಿ ಎನ್ನುತ್ತದೆ. ಇದು ಯಾದೃಚ್ಛಿಕ ದೋಷವಲ್ಲ, ಕ್ರಮಬದ್ಧ ದೋಷ. ಎಷ್ಟು ತಿಂಗಳ ಸರಾಸರಿ ತೆಗೆದರೂ ಹೋಗುವುದಿಲ್ಲ. ನೂರು ನಮೂದುಗಳಲ್ಲಿ ತೊಂಬತ್ತು ಸರಿಯಾಗಿ ವಿಂಗಡವಾದರೂ ತಪ್ಪಿದ ಹತ್ತನ್ನು ಹುಡುಕಲು ನೂರನ್ನೂ ಓದಬೇಕು. ಅಂದಮೇಲೆ ಶ್ರಮ ಶೇ. 90ರಷ್ಟು ಉಳಿಯಿತು ಎನ್ನುವಂತಿಲ್ಲ.

'ಮೌಲ್ಯ' ಎಂಬ ಪದ

ಉತ್ಪನ್ನ ಶೋಧದ ಬಗ್ಗೆ ಹೆಚ್ಚು ಓದಲ್ಪಡುವ ಲೇಖಕರಲ್ಲಿ ಮಾರ್ಟಿ ಕೇಗನ್ ಒಬ್ಬರು. ತಯಾರಿಸುವ ಮುನ್ನ ನಾಲ್ಕು ಅಪಾಯಗಳನ್ನು ಪರೀಕ್ಷಿಸಬೇಕು ಎಂಬುದು ಅವರ ಬೋಧನೆ: ಮೌಲ್ಯ, ಬಳಕೆಯ ಸುಲಭತೆ, ತಯಾರಿಕೆಯ ಸಾಧ್ಯತೆ, ವ್ಯಾಪಾರಕ್ಕೆ ಹೊಂದಿಕೆ. ಪಟ್ಟಿ ಉಪಯುಕ್ತವಾದುದು, ತೋಚಿದ್ದನ್ನು ಕುರುಡಾಗಿ ತಯಾರಿಸುವುದನ್ನು ಅದು ತಡೆಯುತ್ತದೆ. ಆದರೆ ಇಲ್ಲಿ ಮೌಲ್ಯ ಎಂದರೆ ಗ್ರಾಹಕ ಅದನ್ನು ಕೊಳ್ಳುತ್ತಾನೆಯೇ, ಬಳಸಲು ಮುಂದೆ ಬರುತ್ತಾನೆಯೇ ಎಂದು. ಅವನಿಗೆ ಒಳ್ಳೆಯದಾಗುತ್ತದೆಯೇ ಎಂದಲ್ಲ.

ಆಟದ ತಂತ್ರಾಂಶಕ್ಕೆ ಈ ಎರಡರ ನಡುವೆ ಅಂತರ ಕಡಿಮೆ. ಔಷಧಕ್ಕೆ ಹಾಗಲ್ಲ. ಕೆಮ್ಮಿನ ಔಷಧ ಸಿಹಿಯಾಗಿದ್ದರೆ ಮಗು ಕುಡಿಯುತ್ತದೆ. ಕುಡಿಯದೆ ಔಷಧ ಕೆಲಸ ಮಾಡದು, ಆದ್ದರಿಂದ ಸಿಹಿಯೂ ಬೇಕು. ಹಾಗೆಂದು ಸಿಹಿಯನ್ನು ಅಳೆದು ಕೆಮ್ಮು ವಾಸಿಯಾಯಿತು ಎನ್ನುವ ವೈದ್ಯರಿಲ್ಲ. ಹಣಕಾಸಿನ ತಂತ್ರಾಂಶ ಆಟಕ್ಕಿಂತ ಔಷಧಕ್ಕೆ ಹತ್ತಿರ. ಶಿಕ್ಷಕರು ಇಲ್ಲೊಂದು ಕ್ಷಣ ನಿಲ್ಲಬೇಕು. ನಿಮ್ಮ ಶಾಲೆಗೆ ಕಲಿಕೆಯ ತಂತ್ರಾಂಶ ಮಾರಲು ಬರುವವರು ಮಕ್ಕಳು ಎಷ್ಟು ಹೊತ್ತು ನೋಡಿದರು ಎಂಬ ಅಂಕಿ ತೋರಿಸುತ್ತಾರೆಯೇ, ಎಷ್ಟು ಕಲಿತರು ಎಂಬುದನ್ನೇ?

ನೀವು ಏನು ಮಾಡಬಹುದು?

ದೊಡ್ಡ ಕಂಪನಿಗಳನ್ನು ನಾವು ತಿದ್ದಲಾರೆವು. ಆದರೆ ಇಂಥ ಪ್ರಾಜೆಕ್ಟ್ ಕೈಗೊಂಡಾಗ ಒಳ್ಳೆಯ ಪ್ರಯೋಗ ಮಾಡಬಲ್ಲೆವು. ನಾಲ್ಕು ನಿಯಮಗಳನ್ನು ಸೂಚಿಸುತ್ತೇನೆ.

ಮೊದಲನೆಯದು, ಪರೀಕ್ಷೆಗೆ ಮುಂಚೆಯೇ ಬರೆದಿಡಿ: ಯಾವ ಫಲಿತಾಂಶ ಬಂದರೆ ನಿಮ್ಮ ಊಹೆ ತಪ್ಪೆಂದು ಒಪ್ಪುತ್ತೀರಿ? 'ಚೆನ್ನಾಗಿದೆಯೇ?' ಎಂದು ಗೆಳೆಯರನ್ನು ಕೇಳಿದರೆ ಚೆನ್ನಾಗಿದೆ ಎಂದೇ ಹೇಳುತ್ತಾರೆ. ಎಂದೂ ತಪ್ಪಾಗಲಾರದ ಪ್ರಯೋಗದಿಂದ ಏನೂ ತಿಳಿಯದು.

ಎರಡನೆಯದು, ಪೆನ್ಸಿಲ್ಲನ್ನು ಎದುರಿಗಿಡಿ. ಹತ್ತು ಮನೆಗಳು ನಿಮ್ಮ ತಂತ್ರಾಂಶ ಬಳಸಲಿ, ಹತ್ತು ಮನೆಗಳು ಎರಡು ರೂಪಾಯಿಯ ಪೆನ್ಸಿಲ್ ಮತ್ತು ಒಂದು ನೋಟುಪುಸ್ತಕ ಬಳಸಲಿ. ಯಾವ ಮನೆಗೆ ಯಾವುದು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಲೆಕ್ಕ ಬರೆಯುವುದೇ ಖರ್ಚನ್ನು ಕಡಿಮೆ ಮಾಡಬಹುದು. ಆ ಶ್ರೇಯಸ್ಸು ತಂತ್ರಾಂಶಕ್ಕೆ ತಪ್ಪಾಗಿ ಸೇರಬಾರದು.

ಮೂರನೆಯದು, ಬಿಟ್ಟುಹೋದವರನ್ನೂ ಎಣಿಸಿ. ಇಪ್ಪತ್ತು ಜನ ಆರಂಭಿಸಿ ಮೂರು ತಿಂಗಳಲ್ಲಿ ಎಂಟು ಜನ ಉಳಿದರು, ಆ ಎಂಟೂ ಮಂದಿ ಮೆಚ್ಚಿದರು ಎಂದರೆ ತೃಪ್ತಿ ಶೇ. 100 ಅಲ್ಲ, ಶೇ. 40. ಅವಧಿ ಮೂರು ತಿಂಗಳಿಗಿಂತ ಕಡಿಮೆ ಬೇಡ. ವರ್ಷ ನಡೆಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು.

ನಾಲ್ಕನೆಯದು, ಜನರ ಖಾತೆಯ ವಿವರವನ್ನು, ಗುಪ್ತಪದವನ್ನು ಎಂದೂ ಕೇಳಬೇಡಿ. ನಮ್ಮ ದೇಶದಲ್ಲಿ ರಿಸರ್ವ್ ಬ್ಯಾಂಕ್ 2016ರಲ್ಲಿ ನಿಯಮ ರೂಪಿಸಿ, 2021ರಲ್ಲಿ ಬಳಕೆಗೆ ಬಂದ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆಯಲ್ಲಿ ಗ್ರಾಹಕ ಗುಪ್ತಪದ ಒಪ್ಪಿಸದೆ, ತನ್ನ ಸಮ್ಮತಿಯ ಮೇಲೆ ಮಾತ್ರ ದತ್ತಾಂಶವನ್ನು ಹಂಚಿಕೊಳ್ಳಬಹುದು. ವಿದ್ಯಾರ್ಥಿ ಪ್ರಾಜೆಕ್ಟಿಗೆ ಅದೂ ಬೇಕಿಲ್ಲ. ಲೆಕ್ಕ ಮನೆಯವರ ಬಳಿಯೇ ಇರಲಿ. ತಿಂಗಳ ಕೊನೆಗೆ ಉಳಿದದ್ದು ಹೆಚ್ಚಾಯಿತೇ ಕಡಿಮೆಯಾಯಿತೇ ಎಂಬುದೊಂದನ್ನು ಅವರೇ ಹೇಳಲಿ.

ಇಪ್ಪತ್ತು ಮನೆಗಳಿಂದಲೂ ದೊಡ್ಡ ಸತ್ಯವೇನೂ ಸಿದ್ಧವಾಗುವುದಿಲ್ಲ. ಮೇಲೆ ಮಾಡಿದ ಸಂಭವನೀಯತೆಯ ಲೆಕ್ಕ ನಿಮ್ಮ ಪ್ರಯೋಗಕ್ಕೂ ಅನ್ವಯಿಸುತ್ತದೆ. ವರದಿಯಲ್ಲಿ ಅದನ್ನೂ ಬರೆಯಿರಿ. ಕೊನೆಗೆ ನೋಟುಪುಸ್ತಕವೇ ಗೆದ್ದರೆ ಬೇಸರಪಡಬೇಡಿ, ಮುಚ್ಚಿಡಲೂ ಬೇಡಿ. ಅಂಥ ವರದಿ ತಂದ ವಿದ್ಯಾರ್ಥಿಗೆ ಪರೀಕ್ಷಕರು ಪೂರ್ಣ ಅಂಕ ಕೊಡಬೇಕು. ಅವನು ಗುಂಡು ಚಲಿಸಿತೆಂದು ಬರೆದು ನಿಲ್ಲಿಸಲಿಲ್ಲ. ಇಪ್ಪತ್ತು ಆಂದೋಲನಗಳನ್ನೂ ಎಣಿಸಿದ.